ರ‍್ಯಾಮ್‌ಗೆ ದುಡ್ಡು ಸುರಿಯುವ ಮುನ್ನ

ಗುಬ್ಬಿಯ ಸೈಬರ್ ಅಂಗಡಿಯಲ್ಲಿ ಪಹಣಿಗೆ ಕಾದು ಕೂತರೆ 'ಸಿಸ್ಟಮ್ ಸ್ಲೋ' ಅಂತಾರೆ. ಕುಣಿಗಲ್‌ನ ಸ್ಟುಡಿಯೊದಲ್ಲಿ ಮದುವೆ ಆಲ್ಬಂ ತಡವಾದರೂ ಅದೇ ಮಾತು. ತುಮಕೂರಿಗೆ ಹೊತ್ತು ತಂದರೆ ಸಿಗುವ ಸಲಹೆಯೂ ಒಂದೇ: 'ರ‍್ಯಾಮ್ ಹಾಕ್ಸಿಬಿಡಿ ಸಾರ್'.

ಈ ಸಲಹೆ ಈಗ ಅಗ್ಗದ್ದಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಏಕಾಏಕಿ ಏರಿತು. ಜಗತ್ತಿನ ಬಹುಪಾಲು ಮೆಮೊರಿ ಚಿಪ್ ತಯಾರಿಸುವ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂರೂ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯತ್ತ ವಾಲಿದವು. ನಮ್ಮ ಅಂಗಡಿಗಳಲ್ಲಿ ಪರಿಚಿತವಾಗಿದ್ದ 'ಕ್ರೂಶಿಯಲ್' ಹೆಸರಿನ ಬಿಡಿ ಮಾರಾಟವನ್ನು ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಹಾಗಾಗಿ ಮೊದಲು ನಿಜಕ್ಕೂ ರ‍್ಯಾಮ್ ಸಾಲುತ್ತಿಲ್ಲವೇ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನದ ಕೆಲಸವೆಲ್ಲ ತೆರೆದಿಟ್ಟಾಗಲೂ ಮೆಮೊರಿ ಅರ್ಧದಷ್ಟೇ ತುಂಬಿದ್ದರೆ ಹೊಸ ರ‍್ಯಾಮ್ ದಂಡ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಚುರುಕಾಗುತ್ತದೆ. ಸರ್ಕಾರಿ ಸರ್ವರ್ ಮಲಗಿದ್ದರಂತೂ 64 ಜಿಬಿ ಹಾಕಿದರೂ ಪಹಣಿ ಬರುವುದಿಲ್ಲ! ಹಳೆಯ ಪೇಜ್‌ಮೇಕರ್ ಕಡತಗಳಿಗಾಗಿ 32 ಬಿಟ್ ವಿಂಡೋಸ್ ಉಳಿಸಿಕೊಂಡಿರುವ ಡಿಟಿಪಿಯವರು ಇನ್ನೊಂದು ನೆನಪಿಡಬೇಕು. ಅದು 4 ಜಿಬಿ ಮೇಲೆ ಬಳಸುವುದೇ ಇಲ್ಲ.

ಟ್ಯಾಲಿ, ನುಡಿ, ನಾಲ್ಕಾರು ಬ್ರೌಸರ್ ಟ್ಯಾಬ್ ಇಷ್ಟೇ ಆದರೆ 8 ಜಿಬಿ ಸಾಕು. ಫೋಟೊಶಾಪ್‌ನಲ್ಲಿ ಆಲ್ಬಂ, ಫ್ಲೆಕ್ಸ್ ಮಾಡುವವರಿಗೆ 16 ಬೇಕೇ ಬೇಕು. ವಿಡಿಯೊ ಎಡಿಟಿಂಗ್ ಇದ್ದರೆ 32ರ ಯೋಚನೆ ಮಾಡಬಹುದು.

ಜನ ಹೆಚ್ಚು ಎಡವುವುದು ವೇಗದ ಲೆಕ್ಕದಲ್ಲಿ. ಡಬ್ಬಿಯ ಮೇಲೆ 3200, 3600, 6000 ಎಂಬ ದಪ್ಪ ಅಂಕಿ ಇರುತ್ತದೆ. ಪಕ್ಕದಲ್ಲಿ ಸಣ್ಣದಾಗಿ ಸಿಎಲ್ 16, 18, 30 ಎಂದು. ಈ ಸಣ್ಣ ಅಂಕಿಯನ್ನು 2000ದಿಂದ ಗುಣಿಸಿ ದಪ್ಪ ಅಂಕಿಯಿಂದ ಭಾಗಿಸಿ. ಕೇಳಿದ ದತ್ತಾಂಶ ಹೊರಡಲು ಮೆಮೊರಿ ಎಷ್ಟು ನ್ಯಾನೊಸೆಕೆಂಡ್ ಕಾಯಿಸುತ್ತದೆ ಎಂಬುದು ಸಿಗುತ್ತದೆ. 3200ರ ಸಿಎಲ್ 16, 3600ರ ಸಿಎಲ್ 18, ಡಿಡಿಆರ್5 6000ದ ಸಿಎಲ್ 30, ಮೂರಕ್ಕೂ ಬರುವ ಉತ್ತರ 10! ದಪ್ಪ ಅಂಕಿ ಹೆಚ್ಚಿದಷ್ಟೂ ಸೆಕೆಂಡಿಗೆ ಸಾಗುವ ದತ್ತಾಂಶ ಹೆಚ್ಚುತ್ತದೆ, ನಿಜ. ಆದರೆ ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಅದು ಗೊತ್ತೂ ಆಗುವುದಿಲ್ಲ. ಮದರ್‌ಬೋರ್ಡ್ ಒಪ್ಪಬೇಕಾದ ಮಾತೂ ಇದೆ. ಎಚ್310 ಬೋರ್ಡ್‌ಗೆ 3600ರ ರ‍್ಯಾಮ್ ಕೂರಿಸಿದರೂ ಅದು ಓಡುವುದು ಹೆಚ್ಚೆಂದರೆ 2666ರಲ್ಲೇ.

ವೇಗಕ್ಕೆ ಕೊಡುವ ಹೆಚ್ಚುವರಿ ದುಡ್ಡನ್ನು ಜೋಡಿಗೆ ಕೊಡಿ ಎಂಬುದು ನನ್ನ ಮಾತು. 16 ಜಿಬಿಯ ಒಂದೇ ರ‍್ಯಾಮ್ ಕಡ್ಡಿಗಿಂತ 8ರ ಎರಡು ಮೇಲು. ಡಿಡಿಆರ್4 3200ರ ಒಂದು ಕಡ್ಡಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸಿದರೆ, ಎರಡು ಚಾನೆಲ್‌ನಲ್ಲಿ ಕೂತ ಜೋಡಿಯ ಮಿತಿ 51.2 ಜಿಬಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್‌ನಲ್ಲಿ ಪರದೆಯ ಕೆಲಸಕ್ಕೂ ಇದೇ ಮೆಮೊರಿ ಆಸರೆಯಾದ್ದರಿಂದ ಅಲ್ಲಿ ಲಾಭ ಕಣ್ಣಿಗೆ ಕಾಣುತ್ತದೆ. ಡಿಡಿಆರ್3, 4, 5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕಚ್ಚೇ ಬೇರೆ.

ಎಲ್ಲಿ ಕೊಳ್ಳುವುದು? ಬೆಂಗಳೂರಿನ ಎಸ್‌ಪಿ ರೋಡ್ ತುಮಕೂರಿಗೆ 70 ಕಿಲೋಮೀಟರ್ ದೂರ. ಇನ್ನೂರು, ಮುನ್ನೂರು ರೂಪಾಯಿ ಉಳಿಸಲು ಅಲ್ಲಿಗೆ ಹೋದರೆ ಬಸ್ ಚಾರ್ಜು, ಊಟದಲ್ಲೇ ಅದು ತೀರುತ್ತದೆ. ಕಡ್ಡಿ ಕೆಟ್ಟರೆ ಮತ್ತೆ ಅಷ್ಟೇ ಖರ್ಚು. ಒಂದೆರಡು ಕಡ್ಡಿ ಬೇಕಾದವರು ಊರಿನ ಅಂಗಡಿಯಲ್ಲೇ ಕೊಳ್ಳಲಿ. ಬಿಲ್ ಇಲ್ಲದೆ ಮಾತ್ರ ತರಬೇಡಿ. ಕಡ್ಡಿಯ ಮೇಲಿನ ಸೀರಿಯಲ್ ನಂಬರನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.