ಮಂದ್ರದಲ್ಲಿ ಮಾತಾಡಿದವನು

ಕಚೇರಿ ಮುಗಿದು ಮನೆಗೆ ಮರಳುವ ಶ್ರೋತೃವಿನ ನಾಲಗೆಯ ಮೇಲೆ ಉಳಿಯುವುದು ಗಾಯಕನ ಪಲ್ಲವಿ. ಪಿಟೀಲಿನ ಒಂದೆರಡು ಮಿಂಚುಗಳೂ ಮೃದಂಗದ ತನಿ ಆವರ್ತನವೂ ನೆನಪಿನಲ್ಲಿ ಉಳಿದಾವು. ಆದರೆ ಮೂರು ಗಂಟೆಗಳ ಕಾಲ ಒಂದೇ ಸಮನೆ ಮಿಡಿದು ಅಷ್ಟೂ ಗಾನಕ್ಕೆ ನೆಲೆಯಾಗಿದ್ದ ತಂಬೂರಿಯನ್ನು ನೆನೆಯುವವರು ಅಪರೂಪ. ಅದು ನಿಂತುಹೋದಾಗ ಮಾತ್ರ, ಏನೋ ಇಲ್ಲವಾಯಿತೆಂದು ಕಿವಿಗೆ ಹೊಳೆಯುತ್ತದೆ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ಬೇಸ್ ಗಿಟಾರಿನ ಪಾಡೂ ಇದೇ. ಅದು ತಂಬೂರಿಯಂತೆ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುವ ವಾದ್ಯವಲ್ಲ, ನಿಜ. ಹಾಡಿನೊಡನೆ ನಡೆಯುವ ವಾದ್ಯ. ಆದರೂ ಕೇಳುವವರ ಗಮನಕ್ಕೆ ಬಾರದೆಯೇ ದುಡಿಯುವ ಭಾಗ್ಯ ಎರಡಕ್ಕೂ ಒಂದೇ.

ಈ ಮೂಕ ದುಡಿಮೆಯ ವಾದ್ಯಕ್ಕೆ ಮಾತು ಕಲಿಸಿದವರಲ್ಲಿ ಇಂಗ್ಲೆಂಡಿನ ಜಾನ್ ಎಂಟ್ವಿಸಲ್ ಅಗ್ರಗಣ್ಯ. ‘ದಿ ಹೂ’ ಎಂಬ ಹೆಸರಾಂತ ರಾಕ್ ತಂಡದಲ್ಲಿ ನಾಲ್ಕು ದಶಕಗಳ ಕಾಲ ವೇದಿಕೆಯ ಒಂದು ಪಕ್ಕದಲ್ಲಿ ಅಲುಗಾಡದೆ ನಿಂತು ನುಡಿಸಿದ ಈತನ ಬಾಳು, ಸಂಗೀತವನ್ನು ಪ್ರೀತಿಸುವವರೆಲ್ಲ ತಿಳಿಯತಕ್ಕದ್ದು. ಕೆಳದನಿಯನ್ನು ಎಲ್ಲರ ಕಿವಿಗೆ ಮುಟ್ಟಿಸಿದ ಸಾಧನೆ ಅದರಲ್ಲಿದೆ; ಆ ಸಾಧನೆಗೆ ತೆತ್ತ ಬೆಲೆಯೂ ಅದರಲ್ಲಿದೆ.

ಮೊದಲು ವಾದ್ಯದ ವಿಚಾರ. ಮಂದ್ರಸ್ವರಗಳನ್ನು ನುಡಿಸಲು ಪಾಶ್ಚಾತ್ಯರಲ್ಲಿ ಹಿಂದಿನಿಂದ ಇದ್ದದ್ದು ಆಳೆತ್ತರಕ್ಕೂ ಮೀರಿದ ಡಬಲ್ ಬೇಸ್ ಎಂಬ ಭಾರಿ ಪಿಟೀಲು. ಅದನ್ನು ಊರಿಂದೂರಿಗೆ ಸಾಗಿಸುವುದು ಪ್ರಯಾಸ. ಅದರ ದಂಡಿಯ ಮೇಲೆ ಮೆಟ್ಟುಗಳಿಲ್ಲದ ಕಾರಣ ಸ್ವರಸ್ಥಾನವನ್ನು ಬೆರಳೇ ಹುಡುಕಬೇಕು. ಜೊತೆಗೆ, ವಿದ್ಯುತ್ ಗಿಟಾರಿನ ಅಬ್ಬರದ ನಡುವೆ ಅದರ ದನಿ ಕೇಳಿಸುವುದೇ ಕಷ್ಟ. ಕ್ಯಾಲಿಫೋರ್ನಿಯದಲ್ಲಿ ರೇಡಿಯೋ ದುರಸ್ತಿಯ ಅಂಗಡಿಯಿಂದ ಆರಂಭಿಸಿ ವಾದ್ಯ ತಯಾರಿಕೆಗೆ ಬಂದ ಲಿಯೋ ಫೆಂಡರ್ ಎಂಬಾತ ೧೯೫೧ರಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡ. ಗಿಟಾರಿನಂತೆ ಕೊರಳಿಗೆ ತೂಗುಹಾಕಿಕೊಳ್ಳುವ, ನಾಲ್ಕು ತಂತಿಗಳ, ನಮ್ಮ ವೀಣೆಯಲ್ಲಿರುವ ಹಾಗೆ ಮೆಟ್ಟುಗಳುಳ್ಳ ವಿದ್ಯುತ್ ವಾದ್ಯವನ್ನು ಅವನು ಮಾರುಕಟ್ಟೆಗೆ ತಂದ. ಸ್ವರ ನಿಖರವಾಗಿ ನುಡಿಯುವುದರಿಂದ ಅದಕ್ಕೆ ‘ಪ್ರಿಸಿಷನ್’ ಎಂದೇ ಹೆಸರಾಯಿತು. ಗಿಟಾರಿನ ದಪ್ಪ ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ ಇದರ ಶ್ರುತಿ. ಅತ್ಯಂತ ದಪ್ಪನಾದ ತಂತಿ ಸೆಕೆಂಡಿಗೆ ಸುಮಾರು ೪೧ ಸಲವಷ್ಟೇ ಕಂಪಿಸುತ್ತದೆ. ಈ ದನಿ ಕಿವಿಗೆ ಬೀಳುವುದಕ್ಕಿಂತ ಎದೆಗೆ ತಟ್ಟುವುದೇ ಹೆಚ್ಚು.

ಇಂಥ ವಾದ್ಯವನ್ನು ಕೈಗೆತ್ತಿಕೊಂಡ ಎಂಟ್ವಿಸಲ್ ಹುಟ್ಟಿದ್ದು ೧೯೪೪ರ ಅಕ್ಟೋಬರ್ ೯ರಂದು, ಯುದ್ಧಕಾಲದ ಪಶ್ಚಿಮ ಲಂಡನ್ನಿನಲ್ಲಿ. ತಂದೆ ತುತ್ತೂರಿ ಊದುತ್ತಿದ್ದರು, ತಾಯಿ ಪಿಯಾನೋ ನುಡಿಸುತ್ತಿದ್ದರು. ಮಗು ಇನ್ನೂ ಚಿಕ್ಕದಿರುವಾಗಲೇ ಅವರಿಬ್ಬರ ದಾಂಪತ್ಯ ಮುರಿಯಿತು. ಹುಡುಗ ಬಹುಮಟ್ಟಿಗೆ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದ. ಮನೆ ಒಡೆದರೂ ಇಬ್ಬರ ಸಂಗೀತವೂ ಮಗನಲ್ಲಿ ಉಳಿಯಿತು. ಏಳರ ಪ್ರಾಯದಲ್ಲಿ ಪಿಯಾನೋ, ಹನ್ನೊಂದರಲ್ಲಿ ತುತ್ತೂರಿ, ಅನಂತರ ಫ್ರೆಂಚ್ ಹಾರ್ನ್ ಎಂಬ ಸುರುಳಿ ಕಹಳೆ. ಈ ಕಹಳೆಯನ್ನು ಹಿಡಿದು ಅವನು ಮಿಡ್ಲ್‌ಸೆಕ್ಸ್ ಪ್ರಾಂತದ ಶಾಲಾ ವಾದ್ಯವೃಂದದಲ್ಲಿ ಕುಳಿತ. ಅಂದಿನ ರಾಕ್ ವಾದಕರಲ್ಲಿ ಹೆಚ್ಚಿನವರು ಧ್ವನಿಮುದ್ರಿಕೆಗಳನ್ನು ಕೇಳಿ ಕೇಳಿ ಏಕಲವ್ಯರಂತೆ ಕಲಿತವರು. ಸ್ವರಲಿಪಿಯನ್ನು ಓದಬಲ್ಲ, ನೂರು ವಾದ್ಯಗಳ ನಡುವೆ ತನ್ನ ಸ್ವರ ಎಲ್ಲಿ ಸೇರಬೇಕೆಂದು ಬಲ್ಲ ಎಂಟ್ವಿಸಲ್ ಅವರ ನಡುವೆ ಬೇರೆಯೇ ಸಂಸ್ಕಾರದವನು.

ಈ ಸಂಸ್ಕಾರಕ್ಕೆ ವಿದ್ಯುತ್ತಿನ ಕಿಡಿ ತಾಗಿಸಿದವನು ಅಮೆರಿಕದ ಡ್ವೇನ್ ಎಡಿ. ಗಿಟಾರಿನಲ್ಲಿ ಎಲ್ಲರೂ ತಾರಸ್ಥಾಯಿಯತ್ತ ಧಾವಿಸುತ್ತಿದ್ದಾಗ, ಎಡಿ ದಪ್ಪ ತಂತಿಗಳ ಮೇಲೆ, ಕೆಳಗಿನ ಸ್ವರಗಳಲ್ಲಿಯೇ ರಾಗವನ್ನು ನುಡಿಸಿದ. ಮಾಧುರ್ಯ ಮೇಲಿನ ಸ್ವರಗಳ ಸೊತ್ತಲ್ಲ ಎಂಬ ಪಾಠವನ್ನು ಲಂಡನ್ನಿನ ಹುಡುಗ ಕಲಿತದ್ದು ಅಲ್ಲಿ. ಆತನ ಬೆರಳುಗಳೋ ಗಿಟಾರಿನ ಒತ್ತೊತ್ತಾದ ತಂತಿಗಳಿಗೆ ದಪ್ಪ. ಆದ್ದರಿಂದ ಬೇಸ್ ಗಿಟಾರನ್ನೇ ಆರಿಸಿಕೊಂಡ. ಕೊಳ್ಳಲು ಹಣವಿಲ್ಲದೆ ಮನೆಯಲ್ಲಿಯೇ ಮರ ಕೊಯ್ದು ಒಂದನ್ನು ಮಾಡಿಕೊಂಡ. ಅದನ್ನು ಹೊತ್ತು ಬೀದಿಯಲ್ಲಿ ಹೋಗುತ್ತಿದ್ದವನನ್ನು ಅದೇ ಶಾಲೆಯಲ್ಲಿ ಮುಂದಿನ ತರಗತಿಯಲ್ಲಿದ್ದ ರೋಜರ್ ಡಾಲ್ಟ್ರಿ ಕಂಡು ತನ್ನ ತಂಡಕ್ಕೆ ಕರೆದದ್ದು ೧೯೬೧ರಲ್ಲಿ. ಎಂಟ್ವಿಸಲ್ ತನ್ನ ಸಹಪಾಠಿ ಪೀಟ್ ಟೌನ್ಸೆಂಡನನ್ನೂ ಕರೆತಂದ. ೧೯೬೪ರಲ್ಲಿ ಕೀತ್ ಮೂನ್ ಎಂಬ ಡ್ರಮ್ ವಾದಕ ಬಂದು ಸೇರಿದ. ತಂಡಕ್ಕೆ ‘ದಿ ಹೂ’ ಎಂಬ ಹೆಸರು ಬಂದದ್ದೂ ಆ ವರ್ಷವೇ. ಅಷ್ಟರವರೆಗೆ ಎಂಟ್ವಿಸಲ್ ಹಗಲು ಆದಾಯ ತೆರಿಗೆಯ ಕಚೇರಿಯಲ್ಲಿ ಗುಮಾಸ್ತ, ಇರುಳು ವಾದಕ.

ಈ ನಾಲ್ವರ ಕೂಟದ ರಚನೆಯನ್ನು ತಿಳಿಯದೆ ಎಂಟ್ವಿಸಲ್ಲನ ವಾದನದ ಮರ್ಮ ತಿಳಿಯುವುದಿಲ್ಲ. ಸಾಮಾನ್ಯ ರಾಕ್ ತಂಡದಲ್ಲಿ ಗಿಟಾರು ರಾಗದ ಕುಸುರಿಯನ್ನು ಬಿಡಿಸುತ್ತದೆ, ಡ್ರಮ್ ಲಯವನ್ನು ಕಾಯುತ್ತದೆ, ಬೇಸ್ ಇವೆರಡನ್ನೂ ಬೆಸೆಯುತ್ತದೆ. ‘ದಿ ಹೂ’ ತಂಡದಲ್ಲಿ ಈ ಹಂಚಿಕೆ ತಲೆಕೆಳಗು. ಟೌನ್ಸೆಂಡ್ ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಬೀಸಿ ಗಿಟಾರಿನ ತಂತಿಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತಿದ್ದ. ಅವನದು ಲಯಪ್ರಧಾನವಾದ ವಾದನ. ಮೂನ್ ಲಯಕ್ಕೆ ಕಾವಲು ನಿಲ್ಲುವ ಬದಲು ಗಾಯನದ ಬೆನ್ನು ಹತ್ತಿ ಉರುಳುಸೊಲ್ಲುಗಳ ಮಳೆ ಸುರಿಸುತ್ತಿದ್ದ. ರಾಗವನ್ನು ಹರಿಸುವ ಕೆಲಸವೂ, ಎಲ್ಲರನ್ನೂ ಒಂದೆಡೆ ಕಟ್ಟಿಹಾಕುವ ಕೆಲಸವೂ ಉಳಿದದ್ದು ಎಂಟ್ವಿಸಲ್ಲನ ಪಾಲಿಗೆ. ಆತ ಬೇಸ್ ಗಿಟಾರನ್ನು ಮುಂದಕ್ಕೆ ತಂದದ್ದು ಪ್ರದರ್ಶನದ ಚಪಲದಿಂದಲ್ಲ. ಅಲ್ಲಿದ್ದ ತೆರಪನ್ನು ಯಾರಾದರೂ ತುಂಬಲೇಬೇಕಾಗಿತ್ತು.

೧೯೬೫ರ ‘ಮೈ ಜನರೇಷನ್’ ಎಂಬ ಹಾಡಿನಲ್ಲಿ ಇದು ಜಗತ್ತಿಗೆ ಗೊತ್ತಾಯಿತು. ಹಾಡಿನ ನಡುವೆ ಗಿಟಾರಿಗೆ ಮೀಸಲಾಗುತ್ತಿದ್ದ ಏಕಾಂಗಿ ವಾದನದ ಜಾಗದಲ್ಲಿ ಇಲ್ಲಿ ಬೇಸ್ ನುಡಿಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಬೇಸ್ ಗಿಟಾರಿಗೆ ದೊರೆತ ತನಿ ಆವರ್ತನ. ಆ ಮುದ್ರಣದ ಹಿಂದೆ ಒಂದು ಸ್ವಾರಸ್ಯವಾದ ಕಥೆಯನ್ನು ಎಂಟ್ವಿಸಲ್ ಹೇಳುತ್ತಿದ್ದ. ತೆಳುತಂತಿಗಳ ಸ್ಪಷ್ಟನಾದಕ್ಕಾಗಿ ಅವನು ಅಮೆರಿಕದ ಡ್ಯಾನೆಲೆಕ್ಟ್ರೊ ಬೇಸ್ ಒಂದನ್ನು ಕೊಂಡ. ನುಡಿಸುವಾಗ ತಂತಿ ಹರಿಯಿತು. ಬಿಡಿತಂತಿ ಲಂಡನ್ನಿನಲ್ಲಿ ದೊರೆಯಲಿಲ್ಲ. ತಂತಿಗಾಗಿ ಇಡೀ ವಾದ್ಯವನ್ನೇ ಮತ್ತೊಮ್ಮೆ ಕೊಂಡ. ಆ ತಂತಿಯೂ ಹರಿಯಿತು. ಮೂರನೆಯದಕ್ಕೂ ಅದೇ ಗತಿ. ಕೊನೆಗೆ ಫೆಂಡರ್ ಕಂಪನಿಯ ಜಾಝ್ ಬೇಸ್‌ನಲ್ಲಿ ನುಡಿಸಿ ಮುದ್ರಣವನ್ನು ಮುಗಿಸಿದ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಆ ಹಾಡು ಎರಡನೆಯ ಸ್ಥಾನಕ್ಕೇರಿತು.

ಹರಿದ ತಂತಿಗಳು ಒಂದು ಹುಡುಕಾಟವನ್ನು ಹುಟ್ಟಿಸಿದವು. ಆಗ ಬಳಕೆಯಲ್ಲಿದ್ದ ಬೇಸ್ ತಂತಿಗಳ ಹೊರಸುತ್ತು ಚಪ್ಪಟೆಯಾದ ಲೋಹದ ಪಟ್ಟಿಯದು. ಬೆರಳಿಗೆ ನುಣುಪು, ನಾದ ಮಾತ್ರ ಮಂಕು, ‘ಧಿಮ್’ ಎಂದು ಹುಟ್ಟಿ ಅಲ್ಲಿಯೇ ಅಡಗುವಂಥದು. ಎಂಟ್ವಿಸಲ್ಲನ ಕಿವಿಯಲ್ಲಿ ತುಂಬಿದ್ದದ್ದು ಪಿಯಾನೋದ ಕೆಳದನಿ. ಅಲ್ಲಿನ ದಪ್ಪ ತಂತಿಗಳ ಮೇಲಿನ ಸುತ್ತು ದುಂಡಾದ ತಾಮ್ರದ ಸರಿಗೆಯದು. ಆದ್ದರಿಂದ ಆ ದನಿಯಲ್ಲಿ ಗಾಂಭೀರ್ಯದೊಡನೆ ಹೊಳಪೂ ಇರುತ್ತದೆ. ೧೯೬೬ರಲ್ಲಿ ಅವನು ರೋಟೋಸೌಂಡ್ ಎಂಬ ತಂತಿ ತಯಾರಿಕೆಯ ಸಂಸ್ಥೆಯ ಜೇಮ್ಸ್ ಹೌ ಎಂಬವನೊಡನೆ ಕುಳಿತು, ದುಂಡುಸುತ್ತಿನ ಬೇಸ್ ತಂತಿಗಳನ್ನು ಪರೀಕ್ಷಿಸಿ ತಿದ್ದಿಸಿದ. ಇಂದು ಲೋಕದ ರಾಕ್ ವಾದಕರಲ್ಲಿ ಹೆಚ್ಚಿನವರು ಬಳಸುವುದು ದುಂಡುಸುತ್ತಿನ ತಂತಿಗಳನ್ನೇ. ಬಾಲ್ಯದಲ್ಲಿ ತಾಯಿಯ ಪಿಯಾನೋದಲ್ಲಿ ಕೇಳಿದ ನಾದ ಹೀಗೆ ಒಂದು ವಾದ್ಯದ ಸ್ವಭಾವವನ್ನೇ ಬದಲಿಸಿತು ಎನ್ನಬಹುದು.

ತಂತಿಗೆ ತಕ್ಕ ಕೈಯೂ ಬೇಕಲ್ಲವೇ? ಬಲಗೈಯ ಬೆರಳುಗಳಿಂದ ತಂತಿಯನ್ನು ಮೀಟುವುದಷ್ಟೇ ಅಲ್ಲದೆ, ನಾಲ್ಕು ಬೆರಳುಗಳ ತುದಿಗಳಿಂದ ಅದನ್ನು ದಂಡಿಯ ಮೇಲೆ ಬಡಿದು ನುಡಿಸುವ ಕ್ರಮವೊಂದನ್ನು ಅವನು ರೂಢಿಸಿಕೊಂಡ. ಟೈಪ್‌ರೈಟರಿನ ಮೇಲೆ ಬೆರಳಾಡಿಸಿದಂತೆ ಕಾಣುವ ಇದಕ್ಕೆ ಆ ಯಂತ್ರದ ಹೆಸರೇ ನಿಂತಿತು.

ವಾದ್ಯಗಳ ಸಂಗ್ರಹವಂತೂ ಅವನಿಗೆ ವ್ಯಸನವೇ ಆಗಿತ್ತು. ಟೌನ್ಸೆಂಡ್ ಗಿಟಾರನ್ನು ನೆಲಕ್ಕಪ್ಪಳಿಸುತ್ತಿದ್ದ, ಮೂನ್ ಡ್ರಮ್‌ಗಳನ್ನು ಒದ್ದು ಉರುಳಿಸುತ್ತಿದ್ದ. ಎಂಟ್ವಿಸಲ್ಲನ ಸ್ವಭಾವ ಕೂಡಿಸುವುದು. ಐದು ಪ್ರಿಸಿಷನ್ ಬೇಸ್‌ಗಳ ಅಳಿದುಳಿದ ಭಾಗಗಳನ್ನು ಜೋಡಿಸಿ ಅವನು ೧೯೬೭ರಲ್ಲಿ ಒಂದು ವಾದ್ಯವನ್ನು ಕಟ್ಟಿ, ಅದಕ್ಕೆ ಮೇರಿ ಶೆಲ್ಲಿಯ ಕಾದಂಬರಿಯನ್ನು ನೆನೆದು ‘ಫ್ರಾಂಕೆನ್‌ಸ್ಟೈನ್’ ಎಂದು ಹೆಸರಿಟ್ಟ. ಅನಂತರ ಗಿಬ್ಸನ್ ಕಂಪನಿಯ ಥಂಡರ್‌ಬರ್ಡ್ ಬಂತು. ಅದರ ಒಡಲಿಗೆ ಫೆಂಡರ್ ವಾದ್ಯದ ದಂಡಿಯನ್ನು ಕೂಡಿಸಿದ ಸಂಕರ ವಾದ್ಯಗಳೂ ಬಂದವು. ಎಪ್ಪತ್ತರ ದಶಕದಲ್ಲಿ ಕ್ಯಾಲಿಫೋರ್ನಿಯದ ಅಲೆಂಬಿಕ್ ವಾದ್ಯಗಳು, ಎಂಬತ್ತರ ದಶಕದಲ್ಲಿ ವಾರ್ವಿಕ್ ಸಂಸ್ಥೆ ಅವನಿಗಾಗಿ ರೂಪಿಸಿದ, ಹದ್ದಿನಾಕಾರದ ‘ಬಜರ್ಡ್’ ಅವನ ಕೊರಳನ್ನು ಅಲಂಕರಿಸಿದವು.

ವೇದಿಕೆಯ ಮೇಲೆ ಇಷ್ಟೆಲ್ಲ ಸದ್ದು ಹೊರಡಿಸುತ್ತಿದ್ದಾತ ಕಂಬದಂತೆ ನಿಶ್ಚಲ. ಗೆಳೆಯರು ಅವನನ್ನು ‘ಎತ್ತು’ ಎನ್ನುತ್ತಿದ್ದರು. ನೊಗಕ್ಕೆ ಕೊರಳು ಕೊಟ್ಟವನಿಗೆ ಒಪ್ಪುವ ಹೆಸರು! ಹಾಗೆಂದ ಮಾತ್ರಕ್ಕೆ ಅವನೊಳಗೆ ಹೇಳುವುದಕ್ಕೇನೂ ಇರಲಿಲ್ಲವೆಂದಲ್ಲ. ‘ಬೋರಿಸ್ ದಿ ಸ್ಪೈಡರ್’ ಎಂಬ ಜೇಡನ ಹಾಡು, ‘ಮೈ ವೈಫ್’ ಎಂಬ ಹಾಡು ಅವನ ಕಪ್ಪು ಹಾಸ್ಯಕ್ಕೆ ಸಾಕ್ಷಿ. ಆದರೆ ತಂಡದ ಮುಖ್ಯ ಕವಿ ಟೌನ್ಸೆಂಡ್. ಒಂದು ಧ್ವನಿಮುದ್ರಿಕೆಯಲ್ಲಿ ಎಂಟ್ವಿಸಲ್ಲನ ಪಾಲಿಗೆ ಒಂದೆರಡು ಹಾಡುಗಳು ಬಂದರೆ ಹೆಚ್ಚು. ಆದ್ದರಿಂದಲೇ ಅವನು ೧೯೭೧ರಲ್ಲಿ, ತಂಡದ ಉಳಿದವರೆಲ್ಲರಿಗಿಂತ ಮೊದಲು, ತನ್ನದೇ ಒಂದು ಧ್ವನಿಮುದ್ರಿಕೆಯನ್ನು ಹೊರತಂದ. ಹಳೆಯ ಕಹಳೆಯನ್ನೂ ಅವನು ಕೈಬಿಡಲಿಲ್ಲ. ೧೯೭೩ರ ‘ಕ್ವಾಡ್ರೋಫೀನಿಯ’ ಕೃತಿಯಲ್ಲಿ ಕೇಳಿಬರುವ ಕಹಳೆಗಳ ಸಾಲನ್ನು, ಒಂದರ ಮೇಲೊಂದು ಮುದ್ರಿಸುತ್ತ, ಅವನೊಬ್ಬನೇ ಊದಿದ.

ಇನ್ನು ಬೆಲೆಯ ಮಾತು. ಮೂನನ ಡ್ರಮ್‌ಗಳ ನಡುವೆ ತನ್ನ ದನಿ ತನಗೇ ಕೇಳಿಸಲೆಂದು ಎಂಟ್ವಿಸಲ್ ಮೊದಲಿಗೆ ಮಾರ್ಷಲ್ ಕಂಪನಿಯ ದೊಡ್ಡ ಧ್ವನಿವರ್ಧಕವನ್ನು ತಂದ. ಅದರೆದುರು ತಾನು ಕೇಳಿಸದಾದಾಗ ಟೌನ್ಸೆಂಡನೂ ಅಂಥದನ್ನೇ ತಂದ. ಒಬ್ಬನು ಏರಿಸಿದರೆ ಇನ್ನೊಬ್ಬನು ಮತ್ತಷ್ಟು ಏರಿಸುವ ಈ ಪೈಪೋಟಿ ಬೆಳೆದು, ೧೯೭೬ರ ಮೇ ೩೧ರಂದು ಲಂಡನ್ನಿನ ಚಾರ್ಲ್‌ಟನ್ ಕಾಲ್ಚೆಂಡಾಟದ ಮೈದಾನದಲ್ಲಿ, ೩೨ ಮೀಟರ್ ದೂರದಲ್ಲಿ ೧೨೬ ಡೆಸಿಬೆಲ್ ಎಂದು ಅಳೆಯಲ್ಪಟ್ಟಿತು. ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆ ದುಡಿಯುವವನ ಕಿವಿಗೆ ಹಾಕಿರುವ ಎಚ್ಚರಿಕೆಯ ಗೆರೆ ೮೫ ಡೆಸಿಬೆಲ್. ಪ್ರತಿ ಹತ್ತು ಡೆಸಿಬೆಲ್‌ಗೆ ಧ್ವನಿಯ ಶಕ್ತಿ ಹತ್ತು ಮಡಿಯಾಗುತ್ತದೆ. ಆ ಲೆಕ್ಕದಲ್ಲಿ ಅಂದಿನ ಸದ್ದು ಈ ಗೆರೆಗಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲು. ಅತಿ ಗಟ್ಟಿಯಾದ ಕಚೇರಿಯೆಂದು ಗಿನ್ನೆಸ್ ದಾಖಲೆಯ ಪುಸ್ತಕ ಅದನ್ನು ಹೆಸರಿಸಿತು. ಕಿವಿ ಕೆಡಿಸುವ ಸ್ಪರ್ಧೆಗೆ ಉತ್ತೇಜನ ಕೊಡಬಾರದೆಂದು ಮುಂದೆ ಆ ವಿಭಾಗವನ್ನೇ ಕೈಬಿಟ್ಟಿತು.

ಒಳಗಿವಿಯಲ್ಲಿ ಧ್ವನಿಯನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಟೌನ್ಸೆಂಡನ ಕಿವಿಯಲ್ಲಿ ಆರದ ಮೊರೆತ ನೆಲೆಯೂರಿತು. ಎಂಟ್ವಿಸಲ್ ಕೊನೆಗಾಲದಲ್ಲಿ ಎದುರಿನವರ ತುಟಿಚಲನೆಯನ್ನು ನೋಡಿ ಮಾತನ್ನು ಊಹಿಸಬೇಕಾದಷ್ಟು ಕಿವುಡನಾಗಿದ್ದನೆಂದು ಬಲ್ಲವರು ಬರೆದಿದ್ದಾರೆ. ತನ್ನ ದನಿ ಕೇಳಲೆಂದು ಹೂಡಿದ ಯಂತ್ರವೇ ಕೇಳುವ ಶಕ್ತಿಯನ್ನು ಕಸಿದುಕೊಂಡಿತು. ಆದರೂ ಅವನ ಬೆರಳುಗಳು ಸ್ವರಸ್ಥಾನವನ್ನು ತಪ್ಪಲಿಲ್ಲ.

೨೦೦೨ರ ಜೂನ್ ೨೭ರಂದು, ಅಮೆರಿಕದ ಪ್ರವಾಸ ಇನ್ನೊಂದು ದಿನದಲ್ಲಿ ಆರಂಭವಾಗಬೇಕೆನ್ನುವಾಗ, ಲಾಸ್ ವೇಗಾಸಿನ ಹೋಟೆಲೊಂದರಲ್ಲಿ ಎಂಟ್ವಿಸಲ್ ತೀರಿಕೊಂಡ. ವಯಸ್ಸು ೫೭. ಮೊದಲೇ ದುರ್ಬಲವಾಗಿದ್ದ ಹೃದಯಕ್ಕೆ ಕೊಕೇನ್ ಎಂಬ ಮಾದಕದ್ರವ್ಯ ಮೃತ್ಯುವಾಯಿತು. ನಾಲ್ಕು ದಿನಗಳಲ್ಲಿ, ಜುಲೈ ೧ರಂದು, ತಂಡ ಬೇರೊಬ್ಬ ವಾದಕನೊಡನೆ ವೇದಿಕೆಯೇರಿತು. ೨೦೦೩ರ ಮೇ ತಿಂಗಳಲ್ಲಿ ಲಂಡನ್ನಿನ ಸೋದಬೀಸ್ ಹರಾಜುಮನೆಯಲ್ಲಿ ಅವನ ವಾದ್ಯಸಂಗ್ರಹ ಚದುರಿಹೋಯಿತು. ಫ್ರಾಂಕೆನ್‌ಸ್ಟೈನ್ ಕೂಡ ಅಲ್ಲಿಯೇ ಬಿಕರಿಯಾಯಿತು. ಅವನ ಆಸ್ತಿಯ ಮೇಲೆ ಬೀಳಲಿದ್ದ ತೆರಿಗೆಗೆ ಹಣ ಹೊಂದಿಸಲು ಆ ಹರಾಜು. ತೆರಿಗೆಯ ಕಚೇರಿಯ ಮೇಜನ್ನು ಬಿಟ್ಟು ಸಂಗೀತಕ್ಕೆ ಬಂದವನ ವಾದ್ಯಗಳು ತೆರಿಗೆಗಾಗಿಯೇ ಹೋದವು.

೨೦೧೧ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಓದುಗರು ಸಾರ್ವಕಾಲಿಕ ಬೇಸ್ ವಾದಕರಲ್ಲಿ ಎಂಟ್ವಿಸಲ್ಲನಿಗೆ ಮೊದಲ ಸ್ಥಾನ ಕೊಟ್ಟರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇರೊಂದಿದೆ. ೧೯೭೮ರ ಮೇ ತಿಂಗಳಲ್ಲಿ ಶೆಪರ್‌ಟನ್ ಚಿತ್ರಶಾಲೆಯಲ್ಲಿ ತಂಡ ಚಿತ್ರೀಕರಣಕ್ಕಾಗಿ ನುಡಿಸಿತು. ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೂನನಿಗೆ ಅದು ಕೊನೆಯ ವೇದಿಕೆ. ಅಂದು ನುಡಿಸಿದ ‘ವೋಂಟ್ ಗೆಟ್ ಫೂಲ್ಡ್ ಅಗೇನ್’ ಹಾಡಿನಿಂದ ಗಾಯನ, ಗಿಟಾರು, ಡ್ರಮ್ಮುಗಳನ್ನು ಬೇರ್ಪಡಿಸಿ ಉಳಿಸಿದ ಬೇಸ್ ವಾದನವೊಂದು ಈಗ ಕೇಳಲು ದೊರೆಯುತ್ತದೆ. ಜೊತೆಯ ದನಿಗಳೊಂದೂ ಇಲ್ಲದಿದ್ದರೂ ಅದು ಬರಿಯ ಆಧಾರಸ್ವರದಂತೆ ಕೇಳಿಸುವುದಿಲ್ಲ. ಏರುತ್ತ ಇಳಿಯುತ್ತ, ಮೇಲಿನ ಸ್ವರಗಳನ್ನು ಮುಟ್ಟಿ ಮತ್ತೆ ಮಂದ್ರಕ್ಕೆ ಮರಳುತ್ತ ತಾನೇ ಒಂದು ಹಾಡಾಗಿ ನಡೆಯುತ್ತದೆ. ಅದನ್ನು ಕೇಳಿದ ಬಳಿಕ ಪೂರ್ಣ ಹಾಡಿಗೆ ಹಿಂದಿರುಗಿದರೆ, ಅಬ್ಬರದ ತಳದಲ್ಲಿ ಮೊದಲಿನಿಂದಲೂ ಇದ್ದ ಆ ದನಿ ಈಗ ಸ್ಪಷ್ಟವಾಗಿ ಕೇಳಿಸುತ್ತದೆ.