ಬಾಡಿಗೆ, ಭೋಗ್ಯ, ಖರೀದಿ: ವಸತಿ ವೆಚ್ಚದ ಲೆಕ್ಕಾಚಾರ

ಮೈಸೂರಿನಂತಹ ಮಧ್ಯಮ ಗಾತ್ರದ ನಗರಗಳಲ್ಲಿ ವಸತಿ ವೆಚ್ಚವು ಬೆಂಗಳೂರಿಗಿಂತ ಕಡಿಮೆ. ಆದಾಗ್ಯೂ ಬಾಡಿಗೆ ಅಥವಾ ಬೆಲೆಯೊಂದನ್ನೇ ನೋಡಿ ಮನೆಯನ್ನು ಗೊತ್ತುಮಾಡುವ ಕುಟುಂಬವು ಆನಂತರ ಹಣದ ಮುಗ್ಗಟ್ಟಿಗೆ ಸಿಲುಕಬಹುದು. ಆದ್ದರಿಂದ ಕರಾರಿಗೆ ಸಹಿ ಮಾಡುವ ಮೊದಲು ಒಟ್ಟು ವೆಚ್ಚವನ್ನು ಬರೆದಿಟ್ಟು ಪರಿಶೀಲಿಸುವುದು ಸೂಕ್ತ.

1. ಬಾಡಿಗೆ

ಬಾಡಿಗೆಯೊಂದಿಗೆ ನೀರಿನ ಶುಲ್ಕ, ನಿರ್ವಹಣಾ ಶುಲ್ಕ ಹಾಗೂ ಓಡಾಟದ ಖರ್ಚನ್ನು ಕೂಡಿಸತಕ್ಕದ್ದು. ಹೊರವಲಯದ ಮನೆಗೆ ರೂ. 1,500 ಬಾಡಿಗೆ ಕಡಿಮೆಯಿದ್ದು, ಪೆಟ್ರೋಲಿಗೆ ರೂ. 2,000 ಹೆಚ್ಚಾದಲ್ಲಿ ಉಳಿತಾಯವಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರೂ ಅರ್ಹರು. ಮನೆ ಬದಲಾಯಿಸಿದವರು ಹಳೆಯ ಆರ್.ಆರ್. ಸಂಖ್ಯೆಯ ಜೋಡಣೆಯನ್ನು ರದ್ದುಪಡಿಸಿ, ಹೊಸ ಸಂಖ್ಯೆಗೆ ಅರ್ಜಿ ಸಲ್ಲಿಸತಕ್ಕದ್ದು.

2. ಭೋಗ್ಯ

ಜನಬಳಕೆಯಲ್ಲಿ ‘ಲೀಸ್’ ಎನ್ನಲಾಗುವ ಈ ಪದ್ಧತಿಯಲ್ಲಿ ದೊಡ್ಡ ಮೊತ್ತವನ್ನು ಮಾಲೀಕರಿಗೆ ನೀಡಿ, ಬಾಡಿಗೆಯಿಲ್ಲದೆ ವಾಸಿಸಲಾಗುತ್ತದೆ. ಇದು ಉಚಿತ ವಾಸವಲ್ಲ. ರೂ. 5 ಲಕ್ಷಕ್ಕೆ ಶೇ. 7ರಂತೆ ವಾರ್ಷಿಕ ರೂ. 35,000 ಬಡ್ಡಿ, ಅಂದರೆ ಮಾಸಿಕ ಸುಮಾರು ರೂ. 2,900 ಕೈಬಿಟ್ಟಂತಾಗುತ್ತದೆ.

ಬಡ್ಡಿಗಿಂತಲೂ ಮುಖ್ಯವಾದುದು ಅಸಲಿನ ಭದ್ರತೆ. ಮಾಲೀಕರು ಅದೇ ಮನೆಯ ಮೇಲೆ ಮೊದಲೇ ಪಡೆದ ಸಾಲವನ್ನು ಮರುಪಾವತಿಸದಿದ್ದಲ್ಲಿ, ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ವಶಪಡಿಸಿಕೊಂಡು ಹರಾಜು ಮಾಡಬಹುದು. ಆಗ ಕುಟುಂಬದ ವರ್ಷಗಳ ಉಳಿತಾಯವು ಅಪಾಯಕ್ಕೆ ಸಿಲುಕುತ್ತದೆ. ಆದುದರಿಂದ:

ಅ) ಕಾವೇರಿ ಆನ್‌ಲೈನ್ ಸೇವೆಯ ಮೂಲಕ ಋಣಭಾರ ಪ್ರಮಾಣ ಪತ್ರವನ್ನು ಪಡೆಯುವುದು.

ಆ) ಮೂಲ ಕ್ರಯಪತ್ರವನ್ನು ಖುದ್ದಾಗಿ ನೋಡುವುದು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಒತ್ತೆಯಿಟ್ಟು ಪಡೆದ ಸಾಲವು ಕೆಲವೊಮ್ಮೆ ಋಣಭಾರ ಪತ್ರದಲ್ಲಿ ಕಾಣಿಸದಿರಬಹುದು. ನೆರಳಚ್ಚು ಪ್ರತಿಯನ್ನಷ್ಟೇ ತೋರಿಸಿದಲ್ಲಿ ಎಚ್ಚರ ವಹಿಸುವುದು.

ಇ) ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸುವುದು.

ಈ) ಪತ್ರವನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು. ಸ್ವಾಧೀನ ಸಹಿತ ಅಡಮಾನಕ್ಕೆ ಹಾಗೂ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ ಕರಾರು ನೋಂದಣಿಗೆ ಸಮನಲ್ಲ.

3. ಖರೀದಿ

ನಗರ ವ್ಯಾಪ್ತಿಯ ರೂ. 15 ಲಕ್ಷ ಮೌಲ್ಯದ ನಿವೇಶನದ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ (ಶೇ. 5) ರೂ. 75,000, ಅದರ ಮೇಲೆ ಉಪಕರ (ಶೇ. 10) ರೂ. 7,500, ಅಧಿಭಾರ (ಶೇ. 2) ರೂ. 1,500 ಹಾಗೂ ದಿನಾಂಕ 31-08-2025ರಿಂದ ಪರಿಷ್ಕೃತವಾದ ನೋಂದಣಿ ಶುಲ್ಕ (ಶೇ. 2) ರೂ. 30,000, ಒಟ್ಟು ರೂ. 1,14,000 ತಗಲುತ್ತದೆ. ಮಾರ್ಗಸೂಚಿ ಬೆಲೆ ಹೆಚ್ಚಿದ್ದಲ್ಲಿ ಆ ಬೆಲೆಯ ಮೇಲೆಯೇ ಶುಲ್ಕವನ್ನು ಲೆಕ್ಕ ಹಾಕಲಾಗುತ್ತದೆ.

ರೂ. 15 ಲಕ್ಷ ಸಾಲಕ್ಕೆ ಶೇ. 8.5ರಂತೆ 20 ವರ್ಷಗಳ ಮಾಸಿಕ ಕಂತು ಸುಮಾರು ರೂ. 13,000 ಆಗುತ್ತದೆ. ಮಾಸಿಕ ರೂ. 30,000 ಆದಾಯವುಳ್ಳ ಕುಟುಂಬಕ್ಕೆ ಇದು ಆದಾಯದ ಶೇ. 43ರಷ್ಟು. ದಿನಸಿ, ಶಾಲಾ ಶುಲ್ಕ ಮತ್ತು ಔಷಧಿಯ ಖರ್ಚನ್ನು ಕಳೆದು ಉಳಿಯುವ ಮೊತ್ತವನ್ನು ನೋಡಿದ ನಂತರವೇ ಸಾಲಕ್ಕೆ ಅರ್ಜಿ ಸಲ್ಲಿಸುವುದು ಒಳಿತು.

ಮುಂಗಡ ನೀಡಿದ ನಂತರ ದಾಖಲೆ ಕೇಳುವುದಕ್ಕಿಂತ, ದಾಖಲೆ ನೋಡಿದ ನಂತರ ಮುಂಗಡ ನೀಡುವುದು ಕ್ಷೇಮಕರ.