ಬೆಂಗಾವಲಿಲ್ಲದ ಆಕಾಶದಲ್ಲಿ ಅಜ್ಜಮಾಡ ದೇವಯ್ಯ

ಬಾಂಬರ್‌ಗಳ ಬೆಂಗಾವಲಿಗೆ ಹೋದ ಪೈಲಟ್ ಎಷ್ಟು ಶತ್ರು ವಿಮಾನ ಉರುಳಿಸಿದ ಎಂದು ಎಣಿಸುವುದು ನಮಗೆ ರೂಢಿ. ಅವನ ಕಾವಲಿನಲ್ಲಿ ಹೋದವರಲ್ಲಿ ಎಷ್ಟು ಮಂದಿ ಮರಳಿದರು ಎಂಬುದೇ ಸರಿಯಾದ ಲೆಕ್ಕ. ಹಾಗಂತ ಕಾವಲೆಂದರೆ ಪಕ್ಕದಲ್ಲೇ ಅಂಟಿಕೊಂಡಿರುವುದಲ್ಲ. 1940ರಲ್ಲಿ ಬ್ರಿಟನ್ ಮೇಲೆ ದಾಳಿಗೆ ಬಂದ ಜರ್ಮನ್ ಬಾಂಬರ್‌ಗಳನ್ನು ಬಿಟ್ಟು ಕದಲಬೇಡಿ ಎಂಬ ಆಜ್ಞೆಯಿಂದಾಗಿ ಬೆಂಗಾವಲಿನ ಮೆಸ್ಸರ್‌ಸ್ಮಿಟ್‌ಗಳು ವೇಗವನ್ನೂ ಎತ್ತರವನ್ನೂ ಕಳೆದುಕೊಂಡವು. 1944ರಲ್ಲಿ ಅಮೆರಿಕದ ಜನರಲ್ ಡೂಲಿಟ್ಲ್ ಬೆಂಗಾವಲು ಪೈಲಟ್‌ಗಳನ್ನು ಶತ್ರುವಿನ ಬೇಟೆಗೆ ಬಿಟ್ಟರು. ಜರ್ಮನ್ ವಾಯುಪಡೆಯ ಬೆನ್ನು ಮುರಿದದ್ದರಲ್ಲಿ ಆ ತೀರ್ಮಾನದ ಪಾಲು ದೊಡ್ಡದು.

ಕಾವಲೇ ಇಲ್ಲದಾಗ? ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅದಕ್ಕೆ ಉತ್ತರ. 1965ರ ಭಾರತ-ಪಾಕ್ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಮುಂಜಾನೆ ವಿಂಗ್ ಕಮಾಂಡರ್ ತನೇಜಾ ನಾಯಕತ್ವದಲ್ಲಿ ಮಿಸ್ಟೇರ್ ವಿಮಾನಗಳು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಗೆ ಹೊರಟವು. ಮೀಸಲು ಪೈಲಟ್ ಆಗಿದ್ದ ದೇವಯ್ಯನವರೂ ಆ ತಂಡದೊಂದಿಗೆ ಹಾರಿದರು. ಎದುರಾದದ್ದು ಪಾಕ್ ಪೈಲಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್: ಶಬ್ದದ ಎರಡು ಪಟ್ಟು ವೇಗ, ಆರು ನಳಿಗೆಯ ತೋಪು. ಮಿಸ್ಟೇರ್ ಮಟ್ಟಸವಾಗಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದು. ಓಡಿದರೆ ಸಿಕ್ಕಿಬೀಳುವುದು ಖಚಿತ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ಮೋಟು. ತಿರುಗಲು ಅದಕ್ಕೆ ವಿಶಾಲ ಆಕಾಶ ಬೇಕು. ನೆಲದ ಸಮೀಪ, ತಿರುವುಗಳ ಕಾದಾಟದಲ್ಲಿ ಅದರ ವೇಗವೇ ಅದಕ್ಕೆ ಹೊರೆ. ಗುಂಡೇಟು ತಿಂದ ಮೇಲೂ ದೇವಯ್ಯ ತಿರುಗಿ ಬಿದ್ದರು. ಸ್ಟಾರ್‌ಫೈಟರ್ ಉರುಳಿತು, ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಇದು ಬೆಂಗಾವಲು ಹೇಗಾದೀತು, ಅಂಥ ಆಜ್ಞೆಯೇ ಅವರಿಗಿರಲಿಲ್ಲವಲ್ಲ ಎನ್ನಬಹುದು. ಆಜ್ಞೆ ಇರಲಿಲ್ಲ, ನಿಜ. ಆದರೆ ಅವರ ಜೊತೆ ಸೆಣಸುತ್ತಿದ್ದಷ್ಟು ಹೊತ್ತು ಆ ಸ್ಟಾರ್‌ಫೈಟರ್‌ಗೆ ಮನೆಯತ್ತ ಹೊರಟ ಉಳಿದ ಮಿಸ್ಟೇರ್‌ಗಳ ಬೆನ್ನು ಹತ್ತಲಾಗಲಿಲ್ಲ. ಬೆಂಗಾವಲು ಮಾಡುವ ಕೆಲಸವೂ ಅದೇ ತಾನೆ? ಸ್ಟಾರ್‌ಫೈಟರ್ ಗುಂಡಿನಿಂದ ಬಿತ್ತೋ ಡಿಕ್ಕಿಯಿಂದಲೋ ಎಂಬ ವಾದವೂ ಇದೆ. ಯಾವುದಾದರೂ ಈ ಲೆಕ್ಕ ಬದಲಾಗದು. ಸಾಕ್ಷಿ ದುರ್ಬಲ ಎನ್ನುವವರಿಗೆ ಒಂದು ಮಾತು: ಈ ಕಾದಾಟವನ್ನು ಬೆಳಕಿಗೆ ತಂದದ್ದು ಭಾರತದವರಲ್ಲ, ಪಾಕ್ ವಾಯುಪಡೆಯ ನೆರವಿನಿಂದ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, 1979ರ ಪುಸ್ತಕದಲ್ಲಿ. ತನ್ನದೇ ಪಕ್ಷದ ಶ್ರೇಷ್ಠ ವಿಮಾನ ಹಳೆಯ ಮಾದರಿಯೊಂದರ ಕೈಯಲ್ಲಿ ಬಿತ್ತೆಂದು ಯಾರೂ ಸುಮ್ಮಸುಮ್ಮನೆ ಕತೆ ಕಟ್ಟುವುದಿಲ್ಲ. ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ, ಕಾದಾಟ ನಡೆದ 23 ವರ್ಷಗಳ ನಂತರ.